ಹೋಟೆಲು ಕಾರ್ಖಾನೆಯಲ್ಲವಂತೆ!

ಗೆಳೆಯರೇ, ಹೋಟೆಲು ಕಾರ್ಖಾನೆಯಲ್ಲ. ಇದು ನಾವು ಕಟ್ಟಿದ ಮಾತಲ್ಲ, ಕಾಯಿದೆ ಹೇಳಿದ ಮಾತು. 1948ರ ಕಾರ್ಖಾನೆ ಕಾಯಿದೆಯು ಕಾರ್ಖಾನೆ ಅಂದರೆ ಯಾವುದು ಎಂದು ಉದ್ದಕ್ಕೆ ವಿವರಿಸಿ, ಕೊನೆಗೆ ಒಂದು ಬಾಲ ಸೇರಿಸಿತ್ತು. ಗಣಿ ಇದರಲ್ಲಿ ಬರುವುದಿಲ್ಲ, ಸೈನ್ಯದ ಸಂಚಾರಿ ಘಟಕ ಬರುವುದಿಲ್ಲ, ರೈಲ್ವೆ ಇಂಜಿನ್ ಷೆಡ್ಡು ಬರುವುದಿಲ್ಲ, ಹೋಟೆಲು, ರೆಸ್ಟೋರೆಂಟು, ಊಟದ ಮನೆ ಬರುವುದಿಲ್ಲ. ಗಣಿಗೆ ಅದರದೇ ಕಾಯಿದೆ ಇತ್ತು. ಸೈನ್ಯಕ್ಕೆ ಸೈನ್ಯದ್ದು, ರೈಲ್ವೆಗೆ ರೈಲ್ವೆಯದು. ಹೋಟೆಲಿಗೆ ಏನುಂಟು? ಸೀರೆ ಅಂಗಡಿಗೂ ಉರಿಯುವ ಅಡುಗೆಮನೆಗೂ ಒಂದೇ ಮೊಳ ಹಿಡಿಯುವ ಅಂಗಡಿ ಕಾಯಿದೆ. ಆಮೇಲೆ ಹಳೇ ಕಾಯಿದೆಗಳನ್ನೆಲ್ಲ ಒಂದೇ ಒರಳಿಗೆ ಹಾಕಿ ಕುಟ್ಟಿ, 2020ರಲ್ಲಿ ಕೆಲಸಗಾರರ ಸುರಕ್ಷತೆ ಆರೋಗ್ಯದ ಸಂಹಿತೆ ಅಂತ ಮಾಡಿದರು. ಅದು 2025ರ ನವೆಂಬರ್ 21ರಿಂದ ಜಾರಿಗೆ ಬಂತು. ತೆಗೆದು ಓದಿ ನೋಡಿ. ಹೆಸರು ಹೊಸದು, ಬಾಲ ಅದೇ. ಹೋಟೆಲು ಕಾರ್ಖಾನೆಯಲ್ಲ!

ಹತ್ತು ಜನ ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿದ್ದರೆ ‘ಸಂಸ್ಥೆ’ ಎಂಬ ಲೆಕ್ಕದಲ್ಲಿ ಒಂದಷ್ಟು ಸಾಮಾನ್ಯ ನಿಯಮಗಳು ಹೋಟೆಲಿಗೂ ತಗಲುತ್ತವೆ, ಇಲ್ಲವೆನ್ನುವುದಿಲ್ಲ. ಅದಕ್ಕೇ ಪುಸ್ತಕದಲ್ಲಿ ಒಂಬತ್ತು ಜನರ ಹೆಸರಿರುತ್ತದೆ. ಮಿಕ್ಕವರು ‘ನಮ್ಮೂರ ಹುಡುಗರು ಸಾರ್, ನೆಂಟರಿದ್ದಂಗೆ’.

ಈಗ ಸಂವಿಧಾನ ತೆಗೆಯಿರಿ. 15ನೇ ವಿಧಿ, ಎರಡನೇ ಉಪವಿಧಿ. ಜಾತಿಯ ಕಾರಣಕ್ಕೆ ಯಾರನ್ನೂ ಅಂಗಡಿಗೆ, ಉಪಾಹಾರ ಗೃಹಕ್ಕೆ, ಹೋಟೆಲಿಗೆ ಹೋಗದಂತೆ ತಡೆಯಕೂಡದು ಎಂದು ಅಲ್ಲಿ ಹೋಟೆಲನ್ನು ಹೆಸರು ಹಿಡಿದು ಬರೆದಿದೆ. ಸುಮ್ಮನೆ ಬರೆದದ್ದಲ್ಲ. ನಮ್ಮ ತಾತಂದಿರು ಹೋಟೆಲಿನ ಹೊರಗೆ ಕುಕ್ಕರಗಾಲಲ್ಲಿ ಕೂತು ತೆಂಗಿನ ಚಿಪ್ಪಿನಲ್ಲಿ ಟೀ ಕುಡಿದವರು. ಬೇರೆಯೇ ಇಟ್ಟ ಲೋಟದಲ್ಲಿ ಕುಡಿದು, ತಾವೇ ತೊಳೆದು, ತಾವೇ ಗೂಡಿನಲ್ಲಿಟ್ಟು, ಕಾಸನ್ನು ದೂರದಿಂದ ಎಸೆದು ಬಂದವರು. ಒಳಗೆ ಬೆಂಚಿನ ಮೇಲೆ ಕೂರಲಿಕ್ಕೆ ಒದೆ ತಿಂದವರು. ಆ ಮುಂಬಾಗಿಲು ತೆರೆಯಲೆಂದು ‘ಹೋಟೆಲು’ ಎಂಬ ಪದ ಸಂವಿಧಾನಕ್ಕೆ ಬಂತು. ಹಿಂಬಾಗಿಲು ಮುಚ್ಚಲು ಅದೇ ಪದ ಕಾರ್ಖಾನೆ ಕಾಯಿದೆಗೆ ಬಂದು ಕೂತಿತ್ತು. ಗಿರಾಕಿಯಾಗಿ ಮುಂದಿನಿಂದ ಒಳಗೆ ಹೋಗುವ ಹಕ್ಕು ನಮ್ಮ ಕೈಗೆ ಸಿಕ್ಕಿತು. ಕೂಲಿಯಾಗಿ ಹಿಂದಿನಿಂದ ಹೋದವನು ಉಸಿರಾಡುವ ಗಾಳಿ ಎಂಥದ್ದು ಅಂತ ಕೇಳುವ ಹಕ್ಕು ಸಿಗಲಿಲ್ಲ.

ಹಿಂಬಾಗಿಲಲ್ಲಿ ಯಾರಿದ್ದಾರೆ? ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಹೋಗಿ ನಿಂತು ನೋಡಿ. ರಾಯಚೂರು, ಯಾದಗಿರಿ, ಕಲಬುರಗಿ ಕಡೆಯ ಹುಡುಗರು. ಒಡಿಶಾ, ಅಸ್ಸಾಂ, ನೇಪಾಳದ ಹುಡುಗರು. ಮುಸುರೆ ತೊಳೆಯಲು ನಮ್ಮ ಹೆಂಗಸರು. ಗಲ್ಲಾದ ಮೇಲೆ ಕೂತವರು ಯಾರ ಮಕ್ಕಳು, ಭಟ್ಟಿಯ ಬಾಯಿಗೆ ಕೈ ಕೊಟ್ಟವರು ಯಾರ ಮಕ್ಕಳು ಅಂತ ಕೇಳಿ ನೋಡಿ. ನಮ್ಮಲ್ಲೇ ಕೆಲವರು ಡಿಗ್ರಿ ಓದುವಾಗ ಹಾಸ್ಟೆಲ್ ಸೀಟು ಸಿಗದೆ ರಾತ್ರಿ ಪಾಳಿಗೆ ಒಂದು ಹೋಟೆಲು ಸೇರಿದ್ದೆವು. ಊಟ ಪುಕ್ಕಟೆ, ಮಲಗುವ ಜಾಗ ಪುಕ್ಕಟೆ. ಜಾಗ ಅಂದರೆ ತಂದೂರಿ ಭಟ್ಟಿಯ ಪಕ್ಕ, ಮೈದಾ ಮೂಟೆಗಳ ಸಂದಿ. ಷಟರು ಎಳೆದು ಬೀಗ ಹಾಕಿದರೆ ಬೆಳಗಿನ ಹಾಲಿನವನು ಬರುವ ತನಕ ಹೊರಗಿನ ಗಾಳಿ ಇಲ್ಲ. ಭಟ್ಟಿಯಲ್ಲಿ ಬೂದಿ ಮುಚ್ಚಿದ ಕೆಂಡ ಹಾಗೇ ಇರುತ್ತಿತ್ತು, ಚಳಿಗೆ ಹಿತ. ಬೆಳಗ್ಗೆ ತಲೆ ಕಲ್ಲಾಗಿರುತ್ತಿತ್ತು. ಕ್ಲಾಸಿನಲ್ಲಿ ತೂಕಡಿಸಿದರೆ ಮೇಷ್ಟ್ರು, “ಏನಯ್ಯಾ, ರಾತ್ರಿ ಕುಡಿದಿದ್ಯಾ?” ಅನ್ನುತ್ತಿದ್ದರು. ಕುಡಿದಿದ್ದೆವು ಸಾರ್. ಗ್ಲಾಸಿನಲ್ಲಿ ಅಲ್ಲ.

ನಾವು ಕುಡಿದದ್ದರ ಹೆಸರು ಕಾರ್ಬನ್ ಮಾನಾಕ್ಸೈಡ್. ಬಿ.ಎಸ್ಸಿ. ಓದಿದ ಗೆಳೆಯರಿಗೆ ಅದು ಎರಡು ಮಾರ್ಕಿನ ಪ್ರಶ್ನೆ. ಬೆಂಕಿಗೆ ಸಾಕಷ್ಟು ಗಾಳಿ ಸಿಗದೆ ಅರೆಬರೆ ಉರಿದಾಗ ಹುಟ್ಟುವ ವಿಷಗಾಳಿ. ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣುರಿಯಿಲ್ಲ, ಕೆಮ್ಮಿಲ್ಲ. ಸೌದೆಯ ಹೊಗೆ ಒಂದು ಲೆಕ್ಕಕ್ಕೆ ಮರ್ಯಾದಸ್ಥ, ಬಂದೆ ಅಂತ ಕೆಮ್ಮಿಸಿ ಹೇಳಿಯೇ ಬರುತ್ತದೆ. ನಮ್ಮವ್ವಂದಿರು ಊದುಗೊಳವೆ ಹಿಡಿದು ಕಣ್ಣೀರು ಸುರಿಸಿ ಊದಿದ ಒಲೆಯ ಹೊಗೆ ಅವರ ಎದೆಗೂಡನ್ನು ತಿಂದದ್ದು ನಿಜ, ಆ ಕತೆ ಇನ್ನೊಮ್ಮೆ ಬರೆಯುತ್ತೇವೆ. ಆದರೆ ಗುಡಿಸಲಿಗೆ ಸೋಗೆಯ ಸಂದಿ ಇತ್ತು, ಹಂಚಿನ ಸಂದಿ ಇತ್ತು, ಬಾಗಿಲು ಎಂಬುದು ಹೆಸರಿಗೆ ಮಾತ್ರ ಇತ್ತು. ಬಡತನವೇ ಗಾಳಿಯಾಡಿಸುತ್ತಿತ್ತು. ಪಟ್ಟಣದ ಹೋಟೆಲಿನ ಅಡುಗೆಮನೆಗೆ ಆ ಭಾಗ್ಯವೂ ಇಲ್ಲ. ಇದ್ದಿಲು ನಿಗಿನಿಗಿ ಕೆಂಡವಾಗಿ ಹೊಗೆಯೆಲ್ಲ ನಿಂತ ಮೇಲೆ ಭಟ್ಟಿಯವನು “ಈಗ ಹದವಾಯ್ತು ನೋಡು” ಅನ್ನುತ್ತಾನೆ. ಹೊಗೆಯಿಲ್ಲದ ಆ ಕೆಂಡವೇ ಈ ವಿಷವನ್ನು ಧಾರಾಳವಾಗಿ ಉಗುಳುವುದು.

ಗ್ಯಾಸ್ ಒಲೆಯಾದರೆ ಬಚಾವು ಅಂತಲೂ ತಿಳಿಯಬೇಡಿ. ಬರ್ನರಿನ ತೂತಿಗೆ ಜಿಡ್ಡು ಕಟ್ಟಿ ನೀಲಿ ಉರಿ ಹಳದಿಗೆ ತಿರುಗಿದರೆ, ಪಾತ್ರೆಯ ತಳ ಮಸಿಯಾಗತೊಡಗಿದರೆ, ಗ್ಯಾಸು ಅರೆ ಉರಿಯುತ್ತಿದೆ ಎಂದೇ ಅರ್ಥ. ಅಡುಗೆ ಗ್ಯಾಸಿಗೆ ಕಂಪನಿಯವರು ಬೇಕೆಂದೇ ಕೆಟ್ಟ ವಾಸನೆ ಬೆರೆಸಿ ಕಳಿಸುತ್ತಾರೆ, ಸೋರಿದರೆ ಮೂಗಿಗೆ ಗೊತ್ತಾಗಲಿ ಅಂತ. ಅದು ಸಿಡಿದರೆ ಗಲ್ಲಾಪೆಟ್ಟಿಗೆಯೂ ಸಿಡಿಯುತ್ತದಲ್ಲ! ಅದು ಉರಿದು ಹುಟ್ಟಿಸುವ ಈ ವಿಷಕ್ಕೆ ಅಂಥ ವಾಸನೆ ಇಲ್ಲ. ಗಲ್ಲಾಪೆಟ್ಟಿಗೆ ಉಸಿರಾಡುವುದಿಲ್ಲ.

ಮೈಯೊಳಗೆ ಹೋಗಿ ಇದು ಮಾಡುವ ಕೆಲಸ ನಮಗೆ ಚೆನ್ನಾಗಿ ಗೊತ್ತಿರುವ ದಬ್ಬಾಳಿಕೆ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹೊತ್ತು ಮೈಗೆಲ್ಲ ಹಂಚುವ ಕೂಲಿ. ಈ ವಿಷ ಆಮ್ಲಜನಕಕ್ಕಿಂತ 200ರಿಂದ 250 ಪಟ್ಟು ಗಟ್ಟಿಯಾಗಿ ಅದನ್ನು ಹಿಡಿದುಕೊಳ್ಳುತ್ತದೆ. ಪಂಚಾಯ್ತಿ ಕಟ್ಟೆ ಮೇಲೆ ಕೂತ ಪಟೇಲನ ಹಾಗೆ, ತಾನೂ ಏಳುವುದಿಲ್ಲ, ಬೇರೆಯವರನ್ನು ಕೂರಲೂ ಬಿಡುವುದಿಲ್ಲ. ಫ್ರಾನ್ಸಿನ ಕ್ಲಾಡ್ ಬರ್ನಾರ್ಡ್ ಎಂಬ ವಿಜ್ಞಾನಿ ಇದನ್ನು 1850ರ ದಶಕದಲ್ಲೇ ತೋರಿಸಿದ. ಬ್ರಿಟನ್ನಿನ ಜೆ. ಎಸ್. ಹಾಲ್ಡೇನ್ 1895ರಲ್ಲಿ ತಾನೇ ಈ ಗಾಳಿ ಕುಡಿದು, ತನ್ನ ರಕ್ತವನ್ನೇ ಪರೀಕ್ಷೆ ಮಾಡಿ ಬರೆದಿಟ್ಟ. ಕಲ್ಲಿದ್ದಲು ಗಣಿಯೊಳಕ್ಕೆ ಪುಟ್ಟ ಜೀವಿಗಳನ್ನು ಒಯ್ಯಿರಿ, ಅವು ಮನುಷ್ಯರಿಗಿಂತ ಮೊದಲೇ ಬೀಳುತ್ತವೆ, ಆಗ ಓಡಿಬನ್ನಿ ಎಂದ. ಬ್ರಿಟನ್ನಿನ ಗಣಿಗಳಲ್ಲಿ 1986ರವರೆಗೂ ಪಂಜರದಲ್ಲಿ ಕ್ಯಾನರಿ ಹಕ್ಕಿ ಇತ್ತು. ನಮ್ಮ ಹೋಟೆಲುಗಳಲ್ಲಿ ಆ ಹಕ್ಕಿಯ ಕೆಲಸ ಕ್ಲೀನರ್ ಹುಡುಗನದು. ಅವನು ಬಿದ್ದರೆ ಯಾರೂ ಓಡುವುದಿಲ್ಲ, “ಎಬ್ರಿಸ್ರೋ ಅವನ್ನ, ಟೇಬಲ್ ಒರೆಸ್ಬೇಕು” ಅನ್ನುತ್ತಾರೆ.

ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಈ ವಿಷ 200 ಪಾಲು ಇದ್ದರೆ ಎರಡು ಮೂರು ಗಂಟೆಯಲ್ಲಿ ತಲೆನೋವು, ಸುಸ್ತು, ಓಕರಿಕೆ. 800 ಪಾಲಿದ್ದರೆ ಮುಕ್ಕಾಲು ಗಂಟೆಯಲ್ಲಿ ತಲೆಸುತ್ತು, ಎರಡು ಗಂಟೆಯಲ್ಲಿ ಎಚ್ಚರ ತಪ್ಪುತ್ತದೆ, ಆಮೇಲೆ ಸಾವು. ಆದರೆ ಹೋಟೆಲಿನಲ್ಲಿ ತಲೆನೋವು ಅಂದರೆ ಯಾರು ನಂಬುತ್ತಾರೆ? “ಅಣ್ಣಾ, ತೆಲಿ ಸಿಡಿಲಿಕತ್ತದ” ಅಂತಾನೆ ಯಾದಗಿರಿಯ ಹುಡುಗ. “ಕಾವು ಕಣ್ಲಾ, ಮಜ್ಜಿಗೆ ಕುಡಿ” ಅಂತಾನೆ ಮೇಸ್ತ್ರಿ. “ಹೊಟ್ಟೆಗ್ ಸರ್ಯಾಗ್ ತಿನ್ನಲ್ಲ, ಗ್ಯಾಸ್ಟ್ರಿಕ್ಕು” ಅಂತಾನೆ ಮಾಲೀಕ. ಇನ್ನೂ ಹೆಚ್ಚಾದರೆ ಪಕ್ಕದ ಕ್ಲಿನಿಕ್ಕು. ಅಲ್ಲಿ ಬೆರಳಿಗೆ ಚಿಮಟ ಸಿಕ್ಕಿಸುತ್ತಾರೆ. 98 ತೋರಿಸುತ್ತದೆ. “ಆಕ್ಸಿಜನ್ ಚೆನ್ನಾಗಿದೆ, ಹೋಗಪ್ಪ.” ಆ ಚಿಮಟಕ್ಕೆ ರಕ್ತದಲ್ಲಿ ಕೂತಿರುವವನು ಆಮ್ಲಜನಕವೋ ವಿಷವೋ ಗೊತ್ತಾಗುವುದಿಲ್ಲ, ಎರಡನ್ನೂ ಒಂದೇ ಅಂತ ಎಣಿಸುತ್ತದೆ. ಕೊರೋನಾ ಕಾಲದಲ್ಲಿ ಊರೂರಿಗೆ ಬಂದ ಯಂತ್ರ ಇಲ್ಲಿ ಸುಳ್ಳು ಸಾಕ್ಷಿ ಹೇಳುತ್ತದೆ. ನಿಜ ತಿಳಿಯಲು ಬೇರೆ ರಕ್ತಪರೀಕ್ಷೆ ಬೇಕು, ಅದು ದೊಡ್ಡಾಸ್ಪತ್ರೆಯಲ್ಲಿ.

ಇನ್ನೊಂದು ತಮಾಷೆ ಕೇಳಿ. ಈ ವಿಷ ಏರಿದವನ ಕೆನ್ನೆ ಚೆರ್ರಿ ಹಣ್ಣಿನ ಹಾಗೆ ಕೆಂಪಗಾಗುತ್ತದೆ ಎಂದು ವೈದ್ಯಕೀಯ ಪುಸ್ತಕಗಳಲ್ಲಿ ಬರೆದಿದ್ದಾರೆ. ಯಾರ ಕೆನ್ನೆ? ಜೀವ ಇದ್ದವರಲ್ಲಿ ಅದು ಕಾಣುವುದೇ ಅಪರೂಪ. ಕಪ್ಪು ಮೈಯಲ್ಲಂತೂ ಹುಡುಕಿದರೂ ಕಾಣುವುದಿಲ್ಲ. ಬಿಸಿಲಲ್ಲಿ ಸುಟ್ಟು ಭಟ್ಟಿಯಲ್ಲಿ ಸುಟ್ಟ ನಮ್ಮ ಹುಡುಗರ ಮುಖದಲ್ಲಿ ಚೆರ್ರಿ ಹುಡುಕುವ ಡಾಕ್ಟರು ನಾಳೆ ಬಾ ಅಂತಲೇ ಹೇಳುವುದು. ರಕ್ತ ಕಡಿಮೆ ಇರುವವರಿಗೆ ಈ ವಿಷ ಬೇಗ ತಾಗುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನಕ್ಕೆ ರಕ್ತಹೀನತೆ. ಮುಸುರೆ ತೊಳೆಯುವ ಬಸುರಿಯ ಹೊಟ್ಟೆಯ ಕೂಸು ಈ ವಿಷವನ್ನು ತಾಯಿಗಿಂತಲೂ ಹೆಚ್ಚು ಹಿಡಿದಿಟ್ಟುಕೊಳ್ಳುತ್ತದೆ. ಆ ಕೂಸಿನ ಹೆಸರು ಯಾವ ಹಾಜರಿ ಪುಸ್ತಕದಲ್ಲಿದೆ?

ಈಗ ಮುಖ್ಯ ಮಾತಿಗೆ ಬರುತ್ತೇವೆ. ಕಾರ್ಖಾನೆ ಕಾಯಿದೆಯ ಎರಡನೇ ಅನುಸೂಚಿಯಲ್ಲಿ ಈ ವಿಷಕ್ಕೆ ಒಂದು ಮಿತಿ ಇತ್ತು. ಎಂಟು ಗಂಟೆಯ ಸರಾಸರಿಯಲ್ಲಿ ಹತ್ತು ಲಕ್ಷಕ್ಕೆ 50 ಪಾಲು. ಮೂರನೇ ಅನುಸೂಚಿಯಲ್ಲಿ, ಡಾಕ್ಟರು ಕಂಡರೆ ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗಗಳ ಪಟ್ಟಿಯಲ್ಲಿ, ಇದರ ಹೆಸರೂ ಇತ್ತು. ಅಂದರೆ ಸರ್ಕಾರಕ್ಕೆ ಗೊತ್ತಿಲ್ಲ ಅಂತಲ್ಲ. ಚೆನ್ನಾಗಿ ಗೊತ್ತಿತ್ತು, ಅಳತೆಯೂ ಗೊತ್ತಿತ್ತು. ಉಕ್ಕಿನ ಕುಲುಮೆಯ ಮುಂದೆ ನಿಂತವನಿಗೆ ಆ ಅಳತೆ ಸಿಕ್ಕಿತು, ತಂದೂರಿ ಕುಲುಮೆಯ ಮುಂದೆ ನಿಂತವನಿಗೆ ಸಿಗಲಿಲ್ಲ. ವಿಷ ಒಂದೇ, ರಕ್ತ ಒಂದೇ. ಬಾಗಿಲ ಮೇಲಿನ ಬೋರ್ಡು ಬೇರೆ.

ಆ ‘ಎಂಟು ಗಂಟೆ’ ಎಂಬುದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ ಗೆಳೆಯರೇ. ಒಳ್ಳೆಯ ಗಾಳಿಗೆ ಬಂದರೂ ರಕ್ತದಲ್ಲಿರುವ ಈ ವಿಷ ಅರ್ಧಕ್ಕೆ ಇಳಿಯಲು ನಾಲ್ಕೈದು ಗಂಟೆ ಬೇಕು. ಉಳಿದ ಅರ್ಧ ಮತ್ತೆ ಅರ್ಧಕ್ಕೆ ಇಳಿಯಲು ಇನ್ನೂ ಅಷ್ಟೇ ಹೊತ್ತು. ಎಂಟು ಗಂಟೆ ಕೆಲಸ ಮಾಡಿ ಹದಿನಾರು ಗಂಟೆ ಹೊರಗಿರುವವನನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಲೆಕ್ಕ ಅದು. ಹೋಟೆಲ್ ಹುಡುಗ ಬೆಳಗ್ಗೆ ಆರಕ್ಕೆ ಎದ್ದು ರಾತ್ರಿ ಹನ್ನೊಂದಕ್ಕೆ ಬಿಡುವಾಗಿ, ಅದೇ ಗಾಳಿಯಲ್ಲೇ ಮಲಗುತ್ತಾನೆ. ಅವನ ರಕ್ತ ತೊಳೆಯುವುದು ಯಾವಾಗ? ಬಾಬಾಸಾಹೇಬರು 1942ರಿಂದ 1946ರವರೆಗೆ ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ನೋಡಿಕೊಂಡರು. ಕಾರ್ಖಾನೆಯ ವಾರದ ಕೆಲಸವನ್ನು 54 ಗಂಟೆಯಿಂದ 48ಕ್ಕೆ ಇಳಿಸಿದ 1946ರ ತಿದ್ದುಪಡಿ ಅವರು ಮಂಡಿಸಿದ್ದು. ಆ ಆರು ಗಂಟೆಯನ್ನು ಕೂಲಿಯವನ ಸೋಮಾರಿತನಕ್ಕೆ ಕೊಟ್ಟ ರಿಯಾಯಿತಿ ಅಂತ ಇವತ್ತಿಗೂ ಹೇಳುವ ಬುದ್ಧಿವಂತರಿದ್ದಾರೆ. ಅಂಥವರನ್ನು ಒಂದು ವಾರ ಭಟ್ಟಿಯ ಮುಂದೆ ನಿಲ್ಲಿಸಬೇಕು. ನಮ್ಮ ರಾಜ್ಯದ 1961ರ ಅಂಗಡಿ ಕಾಯಿದೆಯಲ್ಲೂ 48 ಗಂಟೆ ಅಂತಲೇ ಬರೆದರು. ಹೋಟೆಲಿನ ಗಡಿಯಾರಕ್ಕೆ ಓದು ಬರಹ ಬರುವುದಿಲ್ಲ.

ಫ್ಯಾನು ಇದೆಯಲ್ಲ ಅಂತೀರಾ? ಇದೆ. ಲೈಸೆನ್ಸು ಕೊಡುವವರು ನೋಡಲು ಬರುವ ದಿನ ತಿರುಗುತ್ತದೆ. ಮಿಕ್ಕ ದಿನ ಅಕ್ಕಪಕ್ಕದ ಮನೆಯವರಿಗೆ ಸದ್ದು, ಕರೆಂಟು ಬಿಲ್ಲು, ಮುಂದಿನ ಹಾಲಿನ ಏಸಿ ತಂಪು ಹೊರಗೆ ಹೋಗುತ್ತೆ, ಹೀಗೆ ಮೂರು ಕಾರಣಕ್ಕೆ ನಿಲ್ಲುತ್ತದೆ. ನೆಲಮಾಳಿಗೆಯ ಅಡುಗೆಮನೆಗಳಲ್ಲಿ ಗಾಳಿ ಹೊರಗೆ ಎಳೆಯುವ ಫ್ಯಾನಿದ್ದರೂ ಒಳಗೆ ಬರಲು ಕಿಂಡಿ ಇರುವುದಿಲ್ಲ. ಬರುವ ದಾರಿಯಿಲ್ಲದೆ ಹೋಗುವ ದಾರಿ ಏನು ಮಾಡೀತು? ಅದು ಚಿಮಣಿಯ ಗಾಳಿಯನ್ನೇ ವಾಪಸು ಒಳಗೆ ಎಳೆಯುವುದೂ ಉಂಟು. ಬ್ರಿಟನ್ನಿನ ಹೋಟೆಲ್ ಅಡುಗೆಮನೆಗಳಲ್ಲಿ ಫ್ಯಾನು ನಿಂತರೆ ಗ್ಯಾಸು ತಾನಾಗಿ ನಿಲ್ಲುವ ಕೀಲು ಇಡುತ್ತಾರೆ. ಅಲ್ಲಿನ ಮಾಲೀಕರೂ ದೇವಮಾನವರೇನಲ್ಲ. ಕೀಲು ಇಟ್ಟಿರುವುದೇ ಅದಕ್ಕೆ.

ಹೋಟೆಲಿನ ಹೊಗೆಯ ಬಗ್ಗೆ ನಮ್ಮ ದೇಶದಲ್ಲಿ ಯಾರೂ ಮಾತಾಡಿಲ್ಲ ಎಂದಲ್ಲ. 2025ರ ಜನವರಿಯಲ್ಲಿ ಬಾಂಬೆ ಹೈಕೋರ್ಟು ಸೌದೆ ಇದ್ದಿಲು ಉರಿಸುವ ಬೇಕರಿಗಳು ಆರು ತಿಂಗಳಲ್ಲಿ ಬದಲಾಗಬೇಕು ಎಂದಿತು. ಅಲ್ಲಿನ ಪಾಲಿಕೆ ತಂದೂರಿ ಹೋಟೆಲುಗಳಿಗೂ ನೋಟೀಸು ಕಳಿಸಿತು. ದಿಲ್ಲಿಯಲ್ಲಿ ಗಾಳಿ ಕೆಟ್ಟಾಗ ತಂದೂರಿಗೆ ಇದ್ದಿಲು ಹಾಕಬೇಡಿ ಎಂಬ ಆಜ್ಞೆ ಹೊರಡುತ್ತದೆ. ಒಳ್ಳೆಯದೇ. ಆದರೆ ಯಾಕೆ ಹೊರಡುತ್ತದೆ ನೋಡಿ. ಚಿಮಣಿಯಿಂದ ಹೊರಗೆ ಬಂದ ಹೊಗೆ ನಗರದ ಮಹಾಜನರ ಮೂಗಿಗೆ ಹೋಗುತ್ತದೆ, ಅದಕ್ಕೆ. ಚಿಮಣಿಯ ಈಚೆ ಬದಿಯಲ್ಲಿ, ಹತ್ತಡಿ ಹತ್ತಡಿ ಕೋಣೆಯಲ್ಲಿ, ಆ ಗಾಳಿಯನ್ನು ಮೊದಲು ಕುಡಿಯುವ ಮೂಗಿನ ಲೆಕ್ಕ ಆ ಆಜ್ಞೆಗಳಲ್ಲಿಲ್ಲ. ಎಂಜಲು ನಮಗೆ ಕೊನೆಗೆ ಬರುತ್ತಿತ್ತು, ವಿಷ ಮಾತ್ರ ಮೊದಲು ಬರುತ್ತದೆ. ಇಷ್ಟರ ನಡುವೆ ‘ಹೊಗೆಯ ಘಮಲಿನ’ ಕಬಾಬನ್ನು ಹೊಗಳಿ ಬರೆಯುವ ರಸಿಕರು ಬೇರೆ. ಕಾಫಿಯ ನೊರೆಯ ಬಗ್ಗೆ ಪ್ರಬಂಧ ಬರೆದವರೂ ಲೋಟ ತೊಳೆದವಳ ಬಗ್ಗೆ ಬರೆಯಲಿಲ್ಲ.

ನ್ಯೂಯಾರ್ಕ್ ರಾಜ್ಯದ ಲಾಂಗ್ ಐಲೆಂಡಿನಲ್ಲಿ 2014ರ ಫೆಬ್ರವರಿಯಲ್ಲಿ ಒಂದು ಮಾಲಿನ ಹೋಟೆಲಿನಲ್ಲಿ ನೀರು ಕಾಯಿಸುವ ಯಂತ್ರದ ಹೊಗೆಕೊಳವೆ ಸೋರಿ ಇದೇ ವಿಷ ತುಂಬಿತು. ಮ್ಯಾನೇಜರು ಸತ್ತ. ಇಪ್ಪತ್ತೈದಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು, ನೆರವಿಗೆ ಹೋದವರೂ ಸೇರಿ. 2015ರ ಕೊನೆಯ ಹೊತ್ತಿಗೆ ಆ ರಾಜ್ಯದಲ್ಲಿ ಹೋಟೆಲು ಅಂಗಡಿಗಳಿಗೆ ವಿಷಗಾಳಿ ಕೂಗಿ ಹೇಳುವ ಯಂತ್ರ ಕಡ್ಡಾಯವಾಯಿತು. ಒಂದು ಸಾವು, ಒಂದು ನಿಯಮ. ನಮ್ಮಲ್ಲಿ? 2025ರ ನವೆಂಬರಿನಲ್ಲಿ ಬೆಳಗಾವಿಯಲ್ಲಿ ಚಳಿಗೆಂದು ಕೋಣೆಯಲ್ಲಿ ಇದ್ದಿಲು ಹೊತ್ತಿಸಿಟ್ಟು ಮಲಗಿದ ಮೂವರು ಹುಡುಗರು ಏಳಲಿಲ್ಲ. ಅದು ಮನೆ, ಹೋಟೆಲಲ್ಲ. ಆದರೆ ಕೆಂಡ ಅದೇ, ಮುಚ್ಚಿದ ಬಾಗಿಲು ಅದೇ. ಪೇಪರಿನಲ್ಲಿ ‘ಉಸಿರುಗಟ್ಟಿ ಸಾವು’ ಅಂತ ಬರುತ್ತದೆ. ಉಸಿರು ತಾನೇ ಹೋಗಿ ಗಟ್ಟಿಕೊಂಡ ಹಾಗೆ!

“ನಾವು ಸಣ್ಣ ಹೋಟೆಲ್‌ನೋರು, ಇದೆಲ್ಲ ಎಲ್ಲಿಂದ ತರೋಣ?” ಅನ್ನುವ ಮಾಲೀಕರಿಗೆ ಉತ್ತರ ಇದೆ. ಆ ಯಂತ್ರ ಕೆಲವು ಸಾವಿರ ರೂಪಾಯಿಗೆ ಸಿಗುತ್ತದೆ. ಬಾಗಿಲಿಗೆ ಕಟ್ಟಿದ ಬಣ್ಣದ ದೀಪದ ಬೋರ್ಡಿಗೆ ಅದಕ್ಕಿಂತ ಹೆಚ್ಚು ಕೊಟ್ಟಿದ್ದೀರಿ. ಬರ್ನರು ಬಿಚ್ಚಿ ತೊಳೆಯಲು ಕಾಸು ಬೇಡ, ಅರ್ಧ ಗಂಟೆ ಬೇಕು. ಭಟ್ಟಿಯ ಪಕ್ಕ ಆಳುಗಳನ್ನು ಮಲಗಿಸದೆ ಇರಲು ಏನೂ ಖರ್ಚಿಲ್ಲ, ಬಾಡಿಗೆಗೆ ಒಂದು ರೂಮು ಹಿಡಿಯಬೇಕು ಅಷ್ಟೇ. ಬಾಡಿಗೆಯೂ ಖರ್ಚೇ ಅಂದರೆ, ಇಷ್ಟು ವರ್ಷ ಅದನ್ನು ಕಟ್ಟಿದವರು ಯಾರು, ಯಾವುದರಲ್ಲಿ ಕಟ್ಟಿದರು ಅಂತ ಲೆಕ್ಕ ಹಾಕೋಣ ಬನ್ನಿ.

ಸರ್ಕಾರಕ್ಕೆ ನಮ್ಮ ಬೇಡಿಕೆ ಉದ್ದವಿಲ್ಲ. ಆ ಬಾಲ ಕತ್ತರಿಸಿ. ಹೋಟೆಲು ಎಂಬ ಪದವನ್ನು ಕಾರ್ಖಾನೆಯ ವ್ಯಾಖ್ಯೆಯಿಂದ ಹೊರಗಿಟ್ಟ ಆ ಅರ್ಧ ಸಾಲನ್ನು ತೆಗೆಯಿರಿ. ಬೆಂಕಿ ಉರಿಯುವ ಕಡೆ ಆಳುಗಳ ಎಣಿಕೆ ಕೇಳಬೇಡಿ. ಒಬ್ಬನಿದ್ದರೂ ಮೂಗು ಮೂಗೇ. ಅಡುಗೆಮನೆಗೆ ಯಂತ್ರ ಇಲ್ಲದ ಹೋಟೆಲಿಗೆ ಲೈಸೆನ್ಸು ಕೊಡಬೇಡಿ.

ಹಳ್ಳಿಯ ಮೇಷ್ಟ್ರುಗಳಿಗೆ, ಕಾಲೇಜು ಗೆಳೆಯರಿಗೆ ಒಂದು ಮಾತು. ನಿಮ್ಮ ಶಾಲೆ ಬಿಟ್ಟು ಬೆಂಗಳೂರು ಬಸ್ಸು ಹತ್ತಿದ ಹುಡುಗರ ನಂಬರು ನಿಮ್ಮ ಹತ್ತಿರ ಇರುತ್ತದೆ. ಫೋನು ಮಾಡಿ ಕೇಳಿ: ಎಲ್ಲಿ ಮಲಗ್ತೀಯಪ್ಪಾ? ತಲೆನೋವು ನಿನಗೊಬ್ಬನಿಗೋ, ಜೊತೆಯವರಿಗೂ ಒಟ್ಟಿಗೇ ಬರುತ್ತೋ? ಹೊರಗೆ ಹೋಗಿ ನಿಂತರೆ ಕಡಿಮೆಯಾಗುತ್ತೋ? ಮೂವರಿಗೆ ಒಟ್ಟಿಗೆ ಬಂದು, ಹೊರಗೆ ಹೋದರೆ ಇಳಿಯುವ ತಲೆನೋವು ಕಾವಿನದ್ದಲ್ಲ, ಗ್ಯಾಸ್ಟ್ರಿಕ್ಕೂ ಅಲ್ಲ. ಯಾರಾದರೂ ಬಿದ್ದರೆ ಮಜ್ಜಿಗೆ ನಿಂಬೆಹಣ್ಣು ಹುಡುಕುತ್ತ ಕೂರಬಾರದು. ಷಟರು ಎತ್ತಿ, ಬೆಂಕಿ ಆರಿಸಿ, ಎಲ್ಲರನ್ನೂ ಬಯಲಿಗೆ ಎಳೆದು 108ಕ್ಕೆ ಫೋನು ಮಾಡಬೇಕು. ಮುಖಕ್ಕೆ ಆಕ್ಸಿಜನ್ ಕೊಟ್ಟರೆ ನಾಲ್ಕೈದು ಗಂಟೆಯಲ್ಲಿ ಇಳಿಯುವ ಅರ್ಧ ವಿಷ ಒಂದು ಒಂದೂವರೆ ಗಂಟೆಯಲ್ಲೇ ಇಳಿಯುತ್ತದೆ. “ಇದ್ದಿಲ ಗಾಳಿ ಕುಡಿದಿದ್ದಾನೆ, ಬೆರಳ ಚಿಮಟ ನಂಬಬೇಡಿ, ರಕ್ತದಲ್ಲಿ ಕಾರ್ಬನ್ ಮಾನಾಕ್ಸೈಡ್ ನೋಡಿ” ಎಂದು ಡಾಕ್ಟರಿಗೆ ಬಾಯಿಬಿಟ್ಟು ಹೇಳಬೇಕು. ಈ ಮಾತನ್ನು ಒಂದು ಚೀಟಿಯಲ್ಲಿ ಬರೆದು ಕೊಡಿ. ಕನ್ನಡದಲ್ಲೂ ಕೊಡಿ, ಹಿಂದಿಯಲ್ಲೂ ಕೊಡಿ. ಒಡಿಶಾದ ಹುಡುಗನ ರಕ್ತಕ್ಕೂ ಇದೇ ಲೆಕ್ಕ. ನಮ್ಮ ಕೂಲಿ ಕಿತ್ತುಕೊಂಡ ಅಂತ ಅವನ ಮೇಲೆ ಹರಿಹಾಯುವವರು ಆ ಕೂಲಿಯ ಜಾಗದಲ್ಲಿ ಒಂದು ರಾತ್ರಿ ಮಲಗಿ ಬರಲಿ.

ನಾವು ಗೆಳೆಯರು ಚಂದಾ ಎತ್ತಿ ಗಾಳಿಯ ವಿಷ ಅಳೆಯುವ ಒಂದು ಯಂತ್ರ ಕೊಳ್ಳುತ್ತಿದ್ದೇವೆ. ಹತ್ತು ರೂಪಾಯಿಯಾದರೂ ಸರಿ, ಸಂಪಾದಕರ ವಿಳಾಸಕ್ಕೆ ಕಳಿಸಿ. ಅಂಗೈಯಗಲದ ಅದನ್ನು ಅಡುಗೆ ಕೆಲಸದ ಹುಡುಗರ ಜೇಬಿನಲ್ಲಿಟ್ಟು ಒಳಗೆ ಕಳಿಸುತ್ತೇವೆ. ಬೆಳಗಿನ ಏಳಕ್ಕೆ ಎಷ್ಟು, ಊಟದ ಹೊತ್ತಿಗೆ ಎಷ್ಟು, ಷಟರು ಎಳೆದ ಮೇಲೆ ರಾತ್ರಿ ಎರಡಕ್ಕೆ ಎಷ್ಟು ಎಂದು ಬರೆದುಕೊಂಡು ಬರುತ್ತಾರೆ. ಬಂದ ಅಂಕಿಗಳನ್ನು ಹಾಗಾಗೇ, ದಿನ ಗಂಟೆ ಸಮೇತ, ಇದೇ ಪುಟಗಳಲ್ಲಿ ಅಚ್ಚು ಹಾಕುತ್ತೇವೆ. ಒಂದು ಪ್ರತಿ ಕಾರ್ಮಿಕ ಇಲಾಖೆಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಹೋಗುತ್ತದೆ.